ಅಸೇರಿಯಾ: ಕಣ್ಣಿಗೆ ಸಿಗದ ನುಸಿಯನ್ನು ಗುರುತಿಸುವ ಬಗೆ

ಮಲ್ಲಿಗೆ ಎಲೆಯ ಮೇಲೆ ಬಿಳಿ ತುಪ್ಪಳ. ಎಳೆ ತೆಂಗಿನಕಾಯಿಯ ತೊಟ್ಟಿನಡಿಯಿಂದ ಕೆಳಕ್ಕಿಳಿದ ತ್ರಿಕೋನದ ಮಚ್ಚೆ. ಬೀದಿಬದಿಯ ಹೊಂಗೆ ಎಲೆಗಳ ತುಂಬ ಎದ್ದು ನಿಂತ ಗಂಟುಗಳು. ಸುತ್ತಲಿನ ಗಿಡಗಳೆಲ್ಲ ಹಳದಿ ಹೂ ಹೊತ್ತಿರುವಾಗ ಹೂವನ್ನೇ ಕಾಣದೆ, ತಿಳಿಹಸಿರಾಗಿ ಪೊದೆಗಟ್ಟಿ ನಿಂತ ತೊಗರಿ. ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನಿಸುವ ಈ ನಾಲ್ಕರ ಹಿಂದೆಯೂ ಇರುವುದು ಒಂದೇ ಕುಲದ ನುಸಿಗಳು. ಆ ಕುಲದ ಹೆಸರು ಅಸೇರಿಯಾ. ನಾಲ್ಕರಲ್ಲಿಯೂ ನುಸಿಯ ಪ್ರಭೇದ ಬೇರೆ, ಅದು ಮಾಡುವ ಕೆಲಸ ಬೇರೆ, ಅದಕ್ಕೆ ಮಾಡಬೇಕಾದ ಉಪಾಯವೂ ಬೇರೆ.

ತೋಟದಲ್ಲಿ ಆಗುವುದೇನೆಂದರೆ, ಗಿಡದ ಮೇಲೆ ಕಂಡ ಲಕ್ಷಣಕ್ಕೆ ‘ರೋಗ’ ಎಂಬ ಹೆಸರು ಬೀಳುತ್ತದೆ, ಅಂಗಡಿಯಿಂದ ಒಂದು ಔಷಧಿ ಬರುತ್ತದೆ, ಸಿಂಪಡಣೆ ಮುಗಿಯುತ್ತದೆ. ಲಕ್ಷಣವನ್ನು ಉಂಟುಮಾಡಿದ್ದು ಯಾವ ಜೀವಿ ಎಂದು ಯಾರೂ ನೋಡಿರುವುದಿಲ್ಲ. ನೋಡುವುದು ಕಷ್ಟ, ನಿಜ. ಆದರೆ ಕ್ರಮವಾಗಿ ಹೋದರೆ ಕುಲದ ಬಾಗಿಲವರೆಗೆ ಯಾವ ರೈತರೂ, ಯಾವ ಕಾಲೇಜಿನ ವಿದ್ಯಾರ್ಥಿಯೂ ತಲುಪಬಹುದು. ಅಲ್ಲಿಂದ ಮುಂದೆ ಪ್ರಯೋಗಾಲಯ ಬೇಕು. ಎಲ್ಲಿಯವರೆಗೆ ನಾವೇ ಹೋಗಬಹುದು, ಎಲ್ಲಿ ನಿಲ್ಲಬೇಕು ಎನ್ನುವುದನ್ನು ತಿಳಿಸುವುದೇ ಈ ಲೇಖನದ ಕೆಲಸ.

ಮೊದಲು ಕಾಲು ಎಣಿಸಿ

ನುಸಿಗಳು ಕೀಟಗಳಲ್ಲ, ಜೇಡ ಮತ್ತು ಉಣ್ಣೆಗಳ ಬಳಗ. ಬೆಳೆದ ನುಸಿಗೆ ಸಾಮಾನ್ಯವಾಗಿ ಎಂಟು ಕಾಲು. ಬದನೆ, ಬೆಂಡೆ, ಗುಲಾಬಿಯ ಎಲೆಯಡಿ ಬಲೆ ನೇಯುವ ಜೇಡನುಸಿಗೂ ಎಂಟು. ಮೆಣಸಿನ ಗಿಡದ ಎಲೆಯನ್ನು ಕೆಳಮುಖವಾಗಿ ಮುದುಡಿಸುವ ಹಳದಿ ನುಸಿಗೂ ಎಂಟು. ಅಸೇರಿಯಾ ಸೇರಿರುವ ಎರಿಯೋಫೈಯಿಡ್ ಗುಂಪಿನ ನುಸಿಗಳಿಗೆ ಮಾತ್ರ ಹುಟ್ಟಿನಿಂದ ಸಾವಿನವರೆಗೆ ನಾಲ್ಕೇ ಕಾಲು, ಅವೂ ತಲೆಯ ಹತ್ತಿರವೇ. ಹಿಂದಿನ ಎರಡು ಜೊತೆ ಈ ಗುಂಪಿನಲ್ಲಿ ಇಲ್ಲವೇ ಇಲ್ಲ. ಭೂಮಿಯ ಮೇಲಿನ ಸಾವಿರಾರು ನುಸಿ ಪ್ರಭೇದಗಳ ನಡುವೆ ಇಷ್ಟು ಖಚಿತವಾದ ಗುರುತು ಇನ್ನೊಂದು ಸಿಗುವುದು ಅಪರೂಪ.

ಗಾತ್ರವೇ ಮೊದಲ ತೊಡಕು. ತೆಂಗಿನ ನುಸಿ 205ರಿಂದ 255 ಮೈಕ್ರಾನ್ ಉದ್ದ, 36ರಿಂದ 52 ಮೈಕ್ರಾನ್ ಅಗಲ. ಅಂದರೆ ಒಂದರ ಹಿಂದೆ ಒಂದರಂತೆ ನಾಲ್ಕೈದನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್. ಅಗಲವಂತೂ ನಮ್ಮ ತಲೆಗೂದಲಿಗಿಂತ ಕಡಿಮೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಬಿಳಿಯ ಸಣ್ಣ ಗೀರುಗಳಂತೆ ಕಂಡರೂ ಕಾಣಬಹುದು, ಕಾಣದೆಯೂ ಹೋಗಬಹುದು. ಇಪ್ಪತ್ತು ಪಟ್ಟಿನದಾದರೆ ಚಲನೆ ಕಣ್ಣಿಗೆ ಬೀಳುತ್ತದೆ. ಕಾಲು ಎಣಿಸಲು ನಲವತ್ತು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಬೇಕು. ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಅಂಥದ್ದು ಇರುತ್ತದೆ.

ಅದರಡಿ ಕಾಣುವ ದೇಹ ಗಜ್ಜರಿಯ ಆಕಾರದ್ದು: ಮುಂದೆ ದಪ್ಪ, ಹಿಂದಕ್ಕೆ ಹೋದಂತೆ ಸಪೂರ. ತಲೆಯ ಹಿಂಭಾಗವನ್ನು ಒಂದು ಫಲಕ ಮುಚ್ಚಿರುತ್ತದೆ. ಅದರ ಹಿಂದೆ ಬಾಲದ ತುದಿಯವರೆಗೆ ಒತ್ತೊತ್ತಾದ ಉಂಗುರಗಳು. ಬಣ್ಣ ಹಾಲುಬಿಳಿ ಅಥವಾ ತಿಳಿಹಳದಿ, ಬಹುಮಟ್ಟಿಗೆ ಪಾರದರ್ಶಕ. ಕೆಂಪಗೆ ಕಂಡರೆ ಅದು ಅಸೇರಿಯಾ ಅಲ್ಲವೆಂದು ಬೇರೆಡೆ ಹುಡುಕಬಹುದು. ತೆಂಗಿನ ಗರಿಯ ಅಡಿಯಲ್ಲಿ ಗುಂಪುಗುಂಪಾಗಿ ಕೂರುವ ಕೆಂಪು ನುಸಿ ರಾವೋಯೆಲ್ಲಾ ಇಂಡಿಕಾ. ಅದರ ಕುಟುಂಬವೇ ಬೇರೆ.

ಗಿಡದ ಹೆಸರೇ ಅರ್ಧ ಉತ್ತರ

ಅಸೇರಿಯಾ ಕುಲದಲ್ಲಿ ಒಂಬೈನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಎರಿಯೋಫೈಯಿಡ್ ಗುಂಪಿನಲ್ಲಿ ಇದೇ ಅತಿ ದೊಡ್ಡ ಕುಲ. ಇಷ್ಟು ದೊಡ್ಡ ರಾಶಿಯಲ್ಲಿ ದಾರಿ ತಪ್ಪದಂತೆ ಕಾಪಾಡುವುದು ಈ ನುಸಿಗಳ ನಿಯತ್ತು. ಬಹುಪಾಲು ಪ್ರಭೇದಗಳು ಒಂದೇ ಜಾತಿಯ ಗಿಡದಲ್ಲಿ, ಹೆಚ್ಚೆಂದರೆ ಅದರ ಹತ್ತಿರದ ನೆಂಟ ಗಿಡಗಳಲ್ಲಿ ಮಾತ್ರ ಬದುಕುತ್ತವೆ. ತೊಗರಿಯ ನುಸಿ ತೊಗರಿ ಮತ್ತು ಅದರ ಕೆಲವು ಕಾಡು ಸಂಬಂಧಿಗಳನ್ನು ಬಿಟ್ಟು ಹೋಗದು. ಆದ್ದರಿಂದ ಮೊದಲು ಗುರುತಿಸಬೇಕಾದದ್ದು ಗಿಡವನ್ನು. ‘ಯಾವುದೋ ಬೇಲಿಯ ಬಳ್ಳಿ’ ಎಂದು ಬರೆದು ಕಳಿಸಿದ ಮಾದರಿ, ಎಷ್ಟೇ ಚೆನ್ನಾಗಿ ಸಂಗ್ರಹಿಸಿದ್ದರೂ, ತಜ್ಞರ ಮೇಜಿನ ಮೇಲೆ ಅರ್ಧ ಬೆಲೆ ಕಳೆದುಕೊಳ್ಳುತ್ತದೆ. ಹೂವೋ ಕಾಯೋ ಇರುವ ಒಂದು ರೆಂಬೆಯನ್ನು ಜೊತೆಗಿಡಿ.

ಹಾಗೆಂದು ಗಿಡದ ಹೆಸರು ಒಂದರಿಂದಲೇ ತೀರ್ಮಾನಕ್ಕೆ ಬರಬಾರದು. ಒಂದೇ ಗಿಡದ ಮೇಲೆ ಮೂರು ನಾಲ್ಕು ಬಗೆಯ ನುಸಿಗಳಿರುವುದು ಸಾಮಾನ್ಯ.

ತುಪ್ಪಳ, ಗಂಟು ಮತ್ತು ಬೂದಿಯ ಗೊಂದಲ

ಅಸೇರಿಯಾ ನುಸಿಗಳು ತಮ್ಮ ಸೂಜಿಯಂಥ ಬಾಯಿಯಿಂದ ಗಿಡದ ಹೊರಪದರದ ಜೀವಕೋಶಗಳನ್ನು ಚುಚ್ಚಿ ರಸ ಹೀರುತ್ತವೆ. ಎಳೆಯ ಅಂಗಾಂಶ ಇದಕ್ಕೆ ವಿಚಿತ್ರವಾಗಿ ಪ್ರತಿಕ್ರಿಯಿಸುತ್ತದೆ. ಕೆಲವು ಗಿಡಗಳಲ್ಲಿ ಹೊರಪದರದ ಕೋಶಗಳು ಕೂದಲಾಗಿ ಬೆಳೆದು ತುಪ್ಪಳ ಕಟ್ಟುತ್ತವೆ, ಕೆಲವುದರಲ್ಲಿ ಎಲೆ ಉಬ್ಬಿ ಟೊಳ್ಳು ಗಂಟಾಗುತ್ತದೆ. ಎರಡೂ ನುಸಿಗೆ ಮನೆ. ಗಾಳಿ, ಬಿಸಿಲು, ಬೇಟೆಗಾರರಿಂದ ರಕ್ಷಣೆ ಸಿಗುವ ಆ ಗೂಡಿನಲ್ಲೇ ಊಟ, ಮೊಟ್ಟೆ, ಮರಿ ಎಲ್ಲವೂ. ಹೊಂಗೆ ಎಲೆಯ ಗಂಟು ಅಸೇರಿಯಾ ಪೊಂಗಾಮಿಯೇ ಕಟ್ಟಿಸಿದ್ದು. ಬ್ಲೇಡಿನಿಂದ ಒಂದು ತಾಜಾ ಗಂಟನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಒಳಗೋಡೆಯ ಮೇಲೆ ನುಸಿಗಳು ಹರಿದಾಡುವುದು ಕಾಣುತ್ತದೆ. ಕಲಿಯಲು ಇಷ್ಟು ಸುಲಭವಾಗಿ ಸಿಗುವ ಮಾದರಿ ಇನ್ನೊಂದಿಲ್ಲ. ಹೊಂಗೆ ಇಲ್ಲದ ಊರು ನಮ್ಮಲ್ಲಿ ಕಡಿಮೆ. ಶಾಲೆ ಕಾಲೇಜುಗಳ ಮೇಷ್ಟ್ರುಗಳು ಇದನ್ನು ಪಾಠದ ಭಾಗವಾಗಿ ಮಾಡಿಕೊಳ್ಳಬೇಕು ಎಂಬುದು ನನ್ನ ಆಸೆ.

ತುಪ್ಪಳದ ವಿಷಯದಲ್ಲಿ ಮನುಷ್ಯರು ಮೋಸಹೋಗಿದ್ದು ಇಂದು ನೆನ್ನೆಯಲ್ಲ. ಶಿಲೀಂಧ್ರ ಶಾಸ್ತ್ರದ ಹಿರಿಯ ಪರ್ಸೂನ್ ಎಲೆಗಳ ಮೇಲಿನ ಈ ತುಪ್ಪಳವನ್ನು ಶಿಲೀಂಧ್ರವೆಂದೇ ಬಗೆದು ಎರಿನಿಯಂ ಎಂಬ ಕುಲವನ್ನು ಕಟ್ಟಿದ್ದರು. ಅದು ಗಿಡದ್ದೇ ಕೂದಲು, ಬೆಳೆಸಿದ್ದು ನುಸಿ ಎಂಬುದು ಖಚಿತವಾದದ್ದು ಆಮೇಲೆ. ಹೆಸರು ಮಾತ್ರ ಲಕ್ಷಣದ ಹೆಸರಾಗಿ ಉಳಿದುಕೊಂಡಿತು.

ಅದೇ ಗೊಂದಲ ನಮ್ಮ ಮಲ್ಲಿಗೆ ತೋಟಗಳಲ್ಲಿ ಇನ್ನೂ ನಡೆದಿದೆ. ಅಸೇರಿಯಾ ಜಾಸ್ಮಿನಿ ಎಲೆ, ಎಳೆ ಕಾಂಡ, ಮೊಗ್ಗಿನ ಮೇಲೆ ಬರಿಸುವ ಬಿಳಿ ತುಪ್ಪಳವನ್ನು ಬೂದಿರೋಗವೆಂದು ತಿಳಿಯುವವರಿದ್ದಾರೆ. ಬೇರ್ಪಡಿಸುವುದು ಸುಲಭ. ಹತ್ತಿ ಉಂಡೆಯಿಂದಲೋ ಬೆರಳಿನಿಂದಲೋ ಒರೆಸಿ. ಬೂದಿರೋಗವಾದರೆ ಬಿಳಿ ಪುಡಿ ಒರಸಿಕೊಂಡು ಬರುತ್ತದೆ, ಅಡಿಯ ಎಲೆ ಸಪಾಟಾಗಿ ಕಾಣುತ್ತದೆ. ತುಪ್ಪಳವಾದರೆ ಬೆರಳಿಗೆ ಮಖಮಲ್ಲು ಸವರಿದಂತಾಗುತ್ತದೆ, ಬಿಟ್ಟು ಬರುವುದಿಲ್ಲ, ಎಲೆ ಆ ಜಾಗದಲ್ಲಿ ಉಬ್ಬುತಗ್ಗಾಗಿರುತ್ತದೆ. ಈ ತಪ್ಪು ಇಷ್ಟು ಕಾಲ ಬಾಳಲು ಒಂದು ಕಾರಣವೂ ಇದೆ. ನೀರಿನಲ್ಲಿ ಬೆರೆಯುವ ಗಂಧಕ ಬೂದಿರೋಗಕ್ಕೂ ಆಗುತ್ತದೆ, ಎರಿಯೋಫೈಯಿಡ್ ನುಸಿಗೂ ಆಗುತ್ತದೆ. ಗಂಧಕ ಹೊಡೆದು ಗುಣ ಕಂಡವರು ತಮ್ಮ ಊಹೆ ಸರಿಯೆಂದೇ ನಂಬುತ್ತಾರೆ. ಮುಂದಿನ ಸಲ ಬರೀ ಶಿಲೀಂಧ್ರನಾಶಕ ಹೊಡೆದಾಗ ತುಪ್ಪಳ ಹಾಗೇ ಇರುತ್ತದೆ, ಔಷಧಿಯನ್ನು ಬೈಯುತ್ತಾರೆ. ಇನ್ನೊಂದು ಮಾತು: ಒಮ್ಮೆ ಬೆಳೆದ ತುಪ್ಪಳ ನುಸಿ ಸತ್ತ ಮೇಲೂ ಎಲೆಯ ಮೇಲೆ ಉಳಿಯುತ್ತದೆ. ಗುಣವಾಯಿತೋ ಇಲ್ಲವೋ ಎಂದು ನೋಡಬೇಕಾದದ್ದು ಹೊಸ ಚಿಗುರಿನಲ್ಲಿ.

ಬಿಹಾರದ ಲಿಚಿ ತೋಟಗಳಲ್ಲಿ ಎಲೆಯಡಿ ಕಂದು ಮಖಮಲ್ಲು ಹಾಸುವುದು ಅಸೇರಿಯಾ ಲಿಚಿಯೈ. ಆದರೆ ದ್ರಾಕ್ಷಿ ಎಲೆಯಡಿ ಇಂಥದ್ದೇ ತುಪ್ಪಳ ಬರಿಸುವುದು ಅಸೇರಿಯಾ ಅಲ್ಲ, ಕೊಲೊಮೆರಸ್ ವಿಟಿಸ್ ಎಂಬ ಬೇರೆ ಕುಲದ ನುಸಿ. ತುಪ್ಪಳ ಕಂಡಿತೆಂದರೆ ‘ಎರಿಯೋಫೈಯಿಡ್ ಇರಬಹುದು’ ಎನ್ನುವಷ್ಟಕ್ಕೆ ನಿಲ್ಲಬೇಕು.

ತೆಂಗಿನಕಾಯಿಯ ತೊಟ್ಟಿನಡಿ

ಕನ್ನಡಿಗರಿಗೆ ಅಸೇರಿಯಾ ಪರಿಚಯವಾದದ್ದು ತೆಂಗಿನಿಂದ. ಅಮೆರಿಕದ ಎಚ್. ಎಚ್. ಕೀಫರ್ 1965ರಲ್ಲಿ ಮೆಕ್ಸಿಕೋದ ಗೆರೆರೋ ರಾಜ್ಯದ ಮಾದರಿಗಳಿಂದ ವಿವರಿಸಿ ಅಸೇರಿಯಾ ಗೆರೆರೋನಿಸ್ ಎಂದು ಹೆಸರಿಟ್ಟ ನುಸಿ ಇದು. ಭಾರತದಲ್ಲಿ 1998ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯಿಂದ ವರದಿಯಾಯಿತು. ಅಲ್ಲಿಂದ ಗಾಳಿಯೇರಿ ತಮಿಳುನಾಡಿಗೂ ಕರ್ನಾಟಕಕ್ಕೂ ಹಬ್ಬಲು ಹೆಚ್ಚು ಕಾಲ ಬೇಕಾಗಲಿಲ್ಲ. ತುಮಕೂರು, ಹಾಸನ ಸೀಮೆಯ ತೆಂಗು ಬೆಳೆಗಾರರ ಮನೆಗಳಲ್ಲಿ ‘ನುಸಿ ಪೀಡೆ’ ಎಂಬ ಮಾತು ಮನೆಮಾತಾದದ್ದು ಆಗಲೇ. ಬೇರೆಬೇರೆ ದೇಶಗಳ ಮಾದರಿಗಳ ಡಿಎನ್ಎ ಹೋಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕ ಖಂಡದ ನುಸಿಗಳಲ್ಲಿ ವೈವಿಧ್ಯ ಹೆಚ್ಚಾಗಿಯೂ ಏಷ್ಯಾ, ಆಫ್ರಿಕಾಗಳಲ್ಲಿ ತೀರಾ ಕಡಿಮೆಯಾಗಿಯೂ ಕಂಡಿತು. ತವರು ಅಮೆರಿಕವೆಂದೂ ನಮ್ಮತ್ತ ಬಂದದ್ದು ಇತ್ತೀಚೆಗೆ ಎಂದೂ ಅದು ಸೂಚಿಸುತ್ತದೆ.

ನುಸಿ ಇರುವುದು ಕಾಯಿಯ ತೊಟ್ಟಿನ ಎಸಳುಗಳ ಅಡಿಯಲ್ಲಿ, ಇನ್ನೂ ಬೆಳೆಯುತ್ತಿರುವ ಮೃದು ಭಾಗದಲ್ಲಿ. ಹರಳು ಕಟ್ಟಿ ಒಂದೆರಡು ತಿಂಗಳಾದ ಮೇಲೆ ಎಸಳಿನಂಚಿನಿಂದ ತಿಳಿಬಿಳುಪಿನ ತ್ರಿಕೋನ ಇಣುಕುತ್ತದೆ. ಕಾಯಿ ದೊಡ್ಡದಾದಂತೆ ಅದು ಕಂದಾಗಿ, ಉದ್ದುದ್ದ ಸೀಳಾಗಿ, ಕೆಲವೊಮ್ಮೆ ಅಂಟು ಸುರಿಸುತ್ತದೆ. ಕಾಯಿ ಸಣ್ಣದಾಗಿ ಸೊಟ್ಟಗಾಗುತ್ತದೆ, ಮಟ್ಟೆ ಬಿಗಿದು ಸುಲಿಯುವವರ ಕೈ ಸೋಲುತ್ತದೆ.

ಪರೀಕ್ಷಿಸಲು ಹೆಚ್ಚಿನವರು ಕೆಳಗೆ ಬಿದ್ದ, ಬಿರಿದ ಬಲಿತ ಕಾಯನ್ನು ಎತ್ತಿಕೊಂಡು ಬರುತ್ತಾರೆ. ಅದರಲ್ಲಿ ಗಾಯ ಇರುತ್ತದೆ, ನುಸಿ ಹೋಗಿರುತ್ತದೆ. ಮೂರು ನಾಲ್ಕು ತಿಂಗಳ ಕಾಯನ್ನು ಮರದಿಂದಲೇ ಕೊಯ್ಯಿಸಿ. ಬಿಳಿ ತ್ರಿಕೋನ ಇನ್ನೂ ಹಸಿಯಾಗಿರುವುದನ್ನು ಆರಿಸಿ. ಎಸಳುಗಳನ್ನು ಒಂದೊಂದಾಗಿ ಚಾಕುವಿನ ತುದಿಯಿಂದ ಎಬ್ಬಿಸಿ, ಎಸಳಿನ ಒಳಮೈಯನ್ನೂ ಅದು ಮುಚ್ಚಿದ್ದ ಕಾಯಿಯ ಭಾಗವನ್ನೂ ನೋಡಿ. ನುಸಿ ಇದ್ದರೆ ಒಂದೆರಡಲ್ಲ, ನೂರಾರು, ಸಾವಿರಾರು ಇರುತ್ತವೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರದಿಂದ ಹತ್ತು ದಿನ ಸಾಕು.

ಅದೇ ಎಸಳಿನಡಿ ಬೇರೆಯವರೂ ಸಿಗುತ್ತಾರೆ, ಇಲ್ಲೇ ಎಚ್ಚರ ಬೇಕು. ಎಂಟು ಕಾಲಿನ, ಚಪ್ಪಟೆಯಾದ, ಹೊಳೆಯುವ ಮೈಯ, ಸರಸರ ಓಡುವ ನುಸಿ ಕಂಡರೆ ಅದು ನಿಮ್ಮ ಮಿತ್ರ. ನಿಯೋಸಿಯುಲಸ್ ಬರಾಕಿ, ನಿಯೋಸಿಯುಲಸ್ ಪಾಸ್ಪಾಲಿವೋರಸ್ ಎಂಬ ಇವು ತೆಂಗಿನ ನುಸಿಯನ್ನೇ ತಿಂದು ಬದುಕುವ ಬೇಟೆಗಾರರು. ಗಾತ್ರದಲ್ಲಿ ದೊಡ್ಡವಾದ್ದರಿಂದ ಎಳೆಗಾಯಿಯ ಬಿಗಿ ಎಸಳಿನಡಿ ಇವು ನುಗ್ಗಲಾರವು. ಅಸೇರಿಯಾಕ್ಕೆ ಸಾಲುವ ಸಂದು ಇವಕ್ಕೆ ಸಾಲದು. ಮಿತ್ರನನ್ನು ಶತ್ರುವೆಂದು ತಿಳಿದು ಕಂಡಕಂಡ ಕೀಟನಾಶಕ ಹೊಡೆದರೆ ಆ ತೋಟಕ್ಕೆ ಆಗುವ ನಷ್ಟ ದೊಡ್ಡದು. ತೆಂಗಿನ ನುಸಿಗೆಂದು ಶಿಫಾರಸಾದ ಶೇ. 2ರ ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನಿನ ದ್ರಾವಣವನ್ನು ಎಳೆ ಗೊನೆಗಳಿಗೆ ಮಾತ್ರ ಹೊಡೆಯುವುದು ಈ ದೃಷ್ಟಿಯಿಂದಲೂ ವಿವೇಕದ ದಾರಿ.

ಲಕ್ಷಣವೇ ಇಲ್ಲದಿದ್ದಾಗ

ತೊಗರಿಯ ಗೊಡ್ಡುರೋಗ ಇನ್ನೂ ಕಠಿಣ ಪಾಠ. ಅದನ್ನು ಮೊದಲು ದಾಖಲಿಸಿದ್ದು 1931ರಲ್ಲಿ ಬಿಹಾರದ ಪೂಸಾದಿಂದ. ಅಸೇರಿಯಾ ಕಜಾನಿ ತೊಗರಿ ಎಲೆಯ ಅಡಿಯಲ್ಲಿ ಕೂದಲುಗಳ ನಡುವೆ ಇರುತ್ತದೆ. ತುಪ್ಪಳ ಬರಿಸದು, ಗಂಟು ಕಟ್ಟದು, ತನ್ನ ಕಚ್ಚುವಿಕೆಯಿಂದ ಕಣ್ಣಿಗೆ ಕಾಣುವ ಹಾನಿ ಮಾಡದು. ಅದು ಹೊತ್ತು ತರುವ ವೈರಸ್ಸು ಗಿಡವನ್ನು ಗೊಡ್ಡು ಮಾಡುತ್ತದೆ. ಬಿತ್ತಿದ 45 ದಿನದೊಳಗೆ ತಗುಲಿದರೆ ಆ ಗಿಡದ ಇಳುವರಿ ಬಹುತೇಕ ಪೂರ್ತಿ ಹೋದಂತೆಯೇ. ರೋಗಕ್ಕೆ ಕಾರಣವಾದ ವೈರಸ್ಸನ್ನು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ ಗುರುತಿಸುವ ಹೊತ್ತಿಗೆ 2000 ಬಂದಿತ್ತು. ಎಪ್ಪತ್ತು ವರ್ಷ ಹಿಡಿದ ಹುಡುಕಾಟ ಅದು.

ಇಲ್ಲಿ ರೈತರು ಗುರುತಿಸಬೇಕಾದದ್ದು ನುಸಿಯನ್ನಲ್ಲ, ಗೊಡ್ಡು ಗಿಡವನ್ನು: ಸಣ್ಣ ಎಲೆ, ಎಲೆಯಲ್ಲಿ ತಿಳಿ ಮತ್ತು ದಟ್ಟ ಹಸಿರಿನ ಮಚ್ಚೆ, ಹೂವಿಲ್ಲದ ಪೊದೆ. ಬೇಗ ಕಿತ್ತು ಹಾಕಬೇಕು. ಹೊಲದ ಬದುವಿನ ಹಳೆಯ ತೊಗರಿ, ಕೂಳೆ ಗಿಡ, ತಾನಾಗಿ ಹುಟ್ಟಿದ ಗಿಡ ಇವೆಲ್ಲ ನುಸಿಗೂ ವೈರಸ್ಸಿಗೂ ಬೇಸಿಗೆ ಕಳೆಯುವ ತಾಣ. ರೋಗ ನಿರೋಧಕ ತಳಿ ಆರಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಮಾವಿನಲ್ಲಿ ತದ್ವಿರುದ್ಧ ತಪ್ಪು ನಡೆದಿತ್ತು. ಹೂಗೊಂಚಲು ವಿಕಾರವಾಗಿ ಗಂಟುಗಟ್ಟುವುದಕ್ಕೆ ಮೊಗ್ಗಿನಲ್ಲಿ ಸಿಗುವ ಅಸೇರಿಯಾ ಮ್ಯಾಂಜಿಫೆರೇ ಕಾರಣವೆಂದು ಬಹುಕಾಲ ನಂಬಿದ್ದರು. ಕಾರಣ ಫ್ಯುಸೇರಿಯಂ ಶಿಲೀಂಧ್ರ, ನುಸಿ ಅದರ ಬೀಜಾಣುಗಳನ್ನು ಮೊಗ್ಗಿಗೆ ಸಾಗಿಸಿ ನೆರವಾಗುತ್ತದೆ ಎಂದು ಈಗ ಗೊತ್ತು. ನುಸಿ ಸಿಕ್ಕಿತೆಂದ ಮಾತ್ರಕ್ಕೆ ಅಪರಾಧಿ ಸಿಕ್ಕಿದಂತಲ್ಲ.

ಕುಲವನ್ನು ನಿರ್ಧರಿಸುವುದು

ಇಲ್ಲಿಂದ ಮುಂದಿನದು ಪ್ರಯೋಗಾಲಯದ ಕೆಲಸ. ನುಸಿಯನ್ನು ಗಾಜಿನ ಪಟ್ಟಿಯ ಮೇಲೆ ಪಾರದರ್ಶಕ ದ್ರಾವಣದಲ್ಲಿ ಕೂರಿಸಿ, ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ಹಿಗ್ಗಿಸಿ ನೋಡಬೇಕು. ಓದುಗರು ಇದನ್ನು ಮಾಡದಿದ್ದರೂ ತಜ್ಞರು ಏನನ್ನು ನೋಡುತ್ತಾರೆಂದು ತಿಳಿದಿರುವುದು ಒಳ್ಳೆಯದು.

ಮೊದಲು ದೇಹದ ಆಕಾರ. ಉಂಗುರಗಳು ಬೆನ್ನಲ್ಲೂ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಸಮನಾಗಿದ್ದು ಹುಳುವಿನಂತೆ ಉದ್ದವಾಗಿದ್ದರೆ ಅಸೇರಿಯಾದ ಕಡೆಗೆ. ಬೆನ್ನಿನ ಉಂಗುರಗಳು ಅಗಲವಾಗಿ, ದೇಹ ನಡುವೆ ಉಬ್ಬಿ, ಫಲಕದ ಮುಂದಂಚು ಬಾಯಿಯ ಮೇಲೆ ಚಾಚಿದ್ದರೆ ಅಕ್ಯುಲಸ್, ಅಕ್ಯುಲಾಪ್ಸ್‌ಗಳ ಕಡೆಗೆ. ಟೊಮೆಟೊ ಕಾಂಡವನ್ನು ತುಕ್ಕು ಬಣ್ಣಕ್ಕೆ ತಿರುಗಿಸುವ ನುಸಿ ಅಕ್ಯುಲಾಪ್ಸ್ ಕುಲದ್ದು.

ಬಳಿಕ ಫಲಕದ ಮೇಲಿನ ಎರಡು ರೋಮಗಳು. ಇಡೀ ವಿಂಗಡಣೆಯ ಕೀಲಿ ಇಲ್ಲಿದೆ. ಅಸೇರಿಯಾದಲ್ಲಿ ರೋಮದ ಬುಡದ ಗುಬುಟು ಫಲಕದ ಹಿಂದಂಚಿನಲ್ಲೇ ಇರುತ್ತದೆ, ರೋಮಗಳು ಹಿಂದಕ್ಕೆ, ಒಂದರಿಂದೊಂದು ದೂರವಾಗುತ್ತ ಚಾಚುತ್ತವೆ. ಎರಿಯೋಫೈಸ್ ಕುಲದಲ್ಲಿ ಗುಬುಟು ಅಂಚಿಗಿಂತ ಮುಂದಿದ್ದು ರೋಮಗಳು ಮುಂದಕ್ಕೋ ಮೇಲಕ್ಕೋ ತಿರುಗುತ್ತವೆ. ಮುಂಗಾಲಿನ ಕಣಕಾಲ ಖಂಡದ ರೋಮ ಇಲ್ಲದಿದ್ದರೆ ಅದು ಅಕಾಲಿಟಸ್. ಹೆಣ್ಣಿನ ಜನನಾಂಗದ ಮುಚ್ಚಳದ ಮೇಲಿನ ಗೆರೆಗಳು ಎರಡು ಅಡ್ಡಸಾಲುಗಳಲ್ಲಿದ್ದರೆ ಕೊಲೊಮೆರಸ್. ಆಗ್ನೇಯ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ತೆಂಗಿನ ತೊಟ್ಟಿನಡಿ ಸಿಗುವ ಕೊಲೊಮೆರಸ್ ನೋವಾಹೆಬ್ರಿಡೆನ್ಸಿಸ್ ಅನ್ನು ಅಸೇರಿಯಾ ಗೆರೆರೋನಿಸ್‌ನಿಂದ ಬೇರ್ಪಡಿಸುವುದು ಇಂಥ ಗುರುತುಗಳಿಂದಲೇ.

ಹಳೆಯ ಪುಸ್ತಕಗಳನ್ನು ಓದುವವರಿಗೆ ಒಂದು ಎಚ್ಚರಿಕೆ. ಕೀಫರ್ 1944ರಲ್ಲಿ ಕಟ್ಟಿದ ಅಸೇರಿಯಾ ಕುಲವನ್ನು 1971ರಲ್ಲಿ ನ್ಯೂಕಿರ್ಕ್ ಮತ್ತು ಸ್ವತಃ ಕೀಫರ್ ಸೇರಿ ಎರಿಯೋಫೈಸ್ ಹೆಸರಿನಡಿ ತಂದರು. ಮುಂದೆ ಆ ಬದಲಾವಣೆ ನಿಲ್ಲಲಿಲ್ಲ, ಅಸೇರಿಯಾ ಮರಳಿತು. ಆ ನಡುವಿನ ವರ್ಷಗಳ ಬರಹಗಳಲ್ಲಿ ತೆಂಗಿನ ನುಸಿ ಎರಿಯೋಫೈಸ್ ಗೆರೆರೋನಿಸ್ ಎಂದೇ ಇದೆ. ಎರಡೂ ಒಂದೇ ಜೀವಿ.

ಪ್ರಭೇದದ ಮಟ್ಟದಲ್ಲಿ ಫಲಕದ ಮೇಲಿನ ಗೆರೆಗಳ ಚಿತ್ತಾರ, ಪಾದದ ತುದಿಯ ಗರಿಯಂಥ ಉಗುರಿನಲ್ಲಿ ಎಷ್ಟು ಕವಲು, ಮುಚ್ಚಳದ ಮೇಲೆ ಎಷ್ಟು ಗೆರೆ, ಪ್ರತಿ ರೋಮದ ಉದ್ದ ಎಷ್ಟು ಎಂದು ಅಳೆದು ಬರೆಯುತ್ತಾರೆ. ಈ ಕೆಲಸದಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಪಾಲಿದೆ. ಭಾರತದ ಎರಿಯೋಫೈಯಿಡ್ ನುಸಿಗಳ ಬಗ್ಗೆ ಚನ್ನಬಸವಣ್ಣ ಅವರ ಗ್ರಂಥ 1966ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂತು. ತೊಗರಿ ನುಸಿಗೆ ಕಜಾನಿ ಎಂಬ ಹೆಸರು ಕೊಟ್ಟವರು ಅವರೇ. 1986ರಲ್ಲಿ ನುಸಿ ವಿಜ್ಞಾನದ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಅಳತೆಗಳೂ ಸಾಲದ ಸಂದರ್ಭಗಳಿವೆ. ಗೋಧಿ ಎಲೆ ಸುರುಳಿಸುವ ನುಸಿಯನ್ನು ಬಹುಕಾಲ ಅಸೇರಿಯಾ ಟುಲಿಪೇ ಎಂದು ಕರೆದರು. ಅದು ಈರುಳ್ಳಿ, ಬೆಳ್ಳುಳ್ಳಿ, ಟುಲಿಪ್ ಗಡ್ಡೆಗಳ ನುಸಿ, ಗೋಧಿಯದು ಅಸೇರಿಯಾ ಟೊಸಿಕೆಲ್ಲಾ ಎಂಬ ಬೇರೆ ಪ್ರಭೇದ ಎಂದು ಆಮೇಲೆ ತೀರ್ಮಾನವಾಯಿತು. ಈಗ ಡಿಎನ್ಎ ನೋಡಿದರೆ ಟೊಸಿಕೆಲ್ಲಾ ಕೂಡ ಒಂದಲ್ಲ, ಹೊರರೂಪ ಒಂದೇ ಆಗಿರುವ ಹಲವು ವಂಶಗಳ ಗುಂಪು. ಅವುಗಳಲ್ಲಿ ಎಲ್ಲವೂ ಗೋಧಿಯ ವೈರಸ್ಸನ್ನು ಒಂದೇ ಸಮನಾಗಿ ಹರಡುವುದಿಲ್ಲ. ಹಾಗಾಗಿ ಈ ವಿಂಗಡಣೆ ಪಂಡಿತರ ಹವ್ಯಾಸವಲ್ಲ, ಹೊಲದ ಲೆಕ್ಕ.

ಮಾದರಿ ಕಳಿಸುವಾಗ

ಹೊಸದಾಗಿ ಲಕ್ಷಣ ಕಂಡ ಎಳೆಯ ಭಾಗವನ್ನೇ ಆರಿಸಿ. ಒಣ ಕಾಗದದಲ್ಲಿ ಸುತ್ತಿ ಪಾಲಿಥೀನ್ ಚೀಲದಲ್ಲಿಡಿ. ಬಿಸಿಲಿಗೆ, ಬಿಸಿಯಾದ ವಾಹನದೊಳಗೆ ಬಿಡಬೇಡಿ. ಒಂದೆರಡು ದಿನ ತಡವಾಗುವುದಾದರೆ ಫ್ರಿಜ್‌ನ ತರಕಾರಿ ಡಬ್ಬಿ ಸಾಕು, ಮೇಲಿನ ಹಿಮಗಟ್ಟುವ ಖಾನೆ ಬೇಡ. ಇನ್ನೂ ತಡವಾದರೆ ಎಲೆಯ ತುಂಡುಗಳನ್ನು ಶೇ. 70ರ ಆಲ್ಕೋಹಾಲಿನಲ್ಲಿ ಮುಳುಗಿಸಿಡಬಹುದು. ಡಿಎನ್ಎ ಪರೀಕ್ಷೆ ಬೇಕಾದರೆ ಅದಕ್ಕಿಂತ ತೀಕ್ಷ್ಣವಾದದ್ದು ಬೇಕು, ಮೊದಲೇ ಕೇಳಿಕೊಳ್ಳಿ. ಔಷಧಿ ಹೊಡೆದ ಮೇಲೆ ತೆಗೆದ ಮಾದರಿಯಿಂದ ಹೆಚ್ಚು ಪ್ರಯೋಜನವಿಲ್ಲ.

ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ. ಗಿಡದ ಹೆಸರು, ಸಾಧ್ಯವಾದರೆ ತಳಿ, ಗಿಡದ ಯಾವ ಭಾಗ, ಊರು, ತಾಲ್ಲೂಕು, ದಿನಾಂಕ, ಕಂಡ ಲಕ್ಷಣ, ಹಿಂದಿನ ತಿಂಗಳು ಏನೇನು ಸಿಂಪಡಿಸಿದಿರಿ ಎನ್ನುವುದು ಇರಲಿ. ತಾಜಾ ಇರುವಾಗ ತೆಗೆದ ಫೋಟೋ ಕಳಿಸಿ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯವಿರಲಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ. ನುಸಿಗಳಿಗೆಂದೇ ಪರಿಣತರಿರುವುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ. ತೆಂಗಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಇದೆ.

ಉತ್ತರದಲ್ಲಿ ‘ಅಸೇರಿಯಾ ಕುಲ, ಪ್ರಭೇದ ತಿಳಿಯದು’ ಎಂದು ಬಂದರೆ ಬೇಸರಪಡಬೇಡಿ. ಹೆಣ್ಣು ನುಸಿಗಳು ಸಾಕಷ್ಟು ಸಿಗದಿದ್ದಾಗ, ಬರೀ ಮರಿಗಳಿದ್ದಾಗ ಅದಕ್ಕಿಂತ ಮುಂದೆ ಹೋಗದಿರುವುದೇ ಪ್ರಾಮಾಣಿಕತೆ. ಮುಂದಿನ ಚಿಗುರು ಬಂದಾಗ ಅದೇ ಗಿಡದಿಂದ ಇನ್ನೊಂದು ಮಾದರಿ ಕಳಿಸಿ, ಹಿಂದಿನ ಮಾದರಿಯ ಸಂಖ್ಯೆಯನ್ನು ಚೀಟಿಯಲ್ಲಿ ಸೇರಿಸಿ.